ಕಾಡನ್ನೇ ಒಣಗಿಸಿದ ಕಳೆನಾಶಕ: ಮಲೆನಾಡಿನ ರೈತರು ತಿಳಿಯಬೇಕಾದ ಸಂಗತಿ



ಅಡಿಕೆ ತೋಟದ ಹುಲ್ಲು ಕೊಚ್ಚಲು ಆಳು ಸಿಗುವುದಿಲ್ಲ. ಸಿಕ್ಕರೂ ಕೂಲಿ ಕೊಟ್ಟು ಪೂರೈಸುವುದಿಲ್ಲ. ಪೇಟೆಯಿಂದ ಒಂದು ಡಬ್ಬಿ ತಂದು ಬೆನ್ನಿನ ಪಂಪಿನಲ್ಲಿ ಹೊಡೆದರೆ ಹತ್ತು ಹದಿನೈದು ದಿನಗಳಲ್ಲಿ ತೋಟ ಚೊಕ್ಕಟವಾಗುತ್ತದೆ. ಹೀಗಾಗಿ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಒಳಹಳ್ಳಿಗಳಿಗೂ ಕಳೆನಾಶಕ ಬಂದು ಮುಟ್ಟಿದೆ. ಮಾಸ್ತಿಕಟ್ಟೆ ಸುತ್ತಿನಲ್ಲಿ ಅದಕ್ಕೆ 'ಹುಲ್ಲಿನ ಔಷಧಿ' ಎಂದೇ ಹೆಸರು. ಕಾಯಿಲೆ ವಾಸಿ ಮಾಡುವುದು ಔಷಧಿ, ಜೀವ ತೆಗೆಯುವುದು ವಿಷ. ಈ ಎರಡಕ್ಕೂ ಒಂದೇ ಹೆಸರು ಕೊಟ್ಟುಕೊಂಡಿರುವುದರಿಂದಲೇ ನಮ್ಮ ಎಚ್ಚರ ಅರ್ಧ ತಪ್ಪಿದೆ.

ಕಳೆನಾಶಕವನ್ನು ಮುಟ್ಟಲೇಬೇಡಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಇದೇ ಕುಲದ ರಾಸಾಯನಿಕವನ್ನು ಒಂದು ದೇಶದ ಮೇಲೆ ಹತ್ತು ವರ್ಷ ಸುರಿದಾಗ ಏನಾಯಿತು, ನಮ್ಮ ನೆರೆಯ ಜಿಲ್ಲೆಗಳಲ್ಲಿ ಆಕಾಶದಿಂದ ಕೀಟನಾಶಕ ಸುರಿದಾಗ ಏನಾಯಿತು ಎಂಬುದನ್ನು ಪಂಪು ಹೊರುವ ಪ್ರತಿಯೊಬ್ಬರೂ ತಿಳಿದಿರಬೇಕು.

ಹೊಲದಿಂದ ಯುದ್ಧಭೂಮಿಗೆ

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆರ್ಥರ್ ಗಾಲ್ಸ್ಟನ್ ಎಂಬ ಸಸ್ಯವಿಜ್ಞಾನದ ವಿದ್ಯಾರ್ಥಿ ಇದ್ದರು. ಸೋಯಾ ಅವರೆ ಬೇಗ ಹೂ ಬಿಡುವಂತೆ ಮಾಡುವ ಒಂದು ರಾಸಾಯನಿಕದ ಮೇಲೆ ಅವರು ಸಂಶೋಧನೆ ನಡೆಸಿ 1943ರಲ್ಲಿ ಡಾಕ್ಟರೇಟ್ ಪಡೆದರು. ಪ್ರಮಾಣ ಹೆಚ್ಚಾದರೆ ಗಿಡದ ಎಲೆಗಳೆಲ್ಲ ಉದುರುತ್ತವೆ ಎಂಬುದೂ ಆಗ ಕಂಡುಬಂತು. ರೈತನಿಗೆ ಬೇಕಾದದ್ದು ಬೇಗ ಬರುವ ಹೂವು. ಸೈನ್ಯದ ವಿಜ್ಞಾನಿಗಳ ಕಣ್ಣು ಬಿದ್ದದ್ದು ಉದುರಿದ ಎಲೆಯ ಮೇಲೆ. ಮುಂದೆ ಇದೇ ಗಾಲ್ಸ್ಟನ್ ಅವರು ಯುದ್ಧದಲ್ಲಿ ಕಳೆನಾಶಕ ಬಳಸುವುದನ್ನು ವಿರೋಧಿಸಿದ ವಿಜ್ಞಾನಿಗಳ ಮುಂಚೂಣಿಯಲ್ಲಿ ನಿಂತರು.

ಅದೇ ದಶಕದಲ್ಲಿ 2,4-ಡಿ ಮತ್ತು 2,4,5-ಟಿ ಎಂಬ ಕಳೆನಾಶಕಗಳು ಬಳಕೆಗೆ ಬಂದವು. ಇವು ಗಿಡದ ಬೆಳವಣಿಗೆಯ ಹಾರ್ಮೋನಿನಂತೆ ವರ್ತಿಸುತ್ತವೆ. ಅಗಲ ಎಲೆಯ ಗಿಡಕ್ಕೆ ತಗಲಿದರೆ ಅದು ಹತೋಟಿ ತಪ್ಪಿ ಬೆಳೆದು, ತಿರುಚಿಕೊಂಡು ಸಾಯುತ್ತದೆ. ಭತ್ತ, ಗೋಧಿ, ಜೋಳದಂತಹ ಹುಲ್ಲಿನ ಜಾತಿಯ ಬೆಳೆಗಳು ತಾಳಿಕೊಳ್ಳುತ್ತವೆ. ಆದ್ದರಿಂದಲೇ 2,4-ಡಿ ಭತ್ತದ ಗದ್ದೆಗೂ ಬಂತು.

ವಿಯೆಟ್ನಾಮಿನ ಹತ್ತು ವರ್ಷ

ವಿಯೆಟ್ನಾಂ ಯುದ್ಧದಲ್ಲಿ ಎದುರಾಳಿಗಳು ದಟ್ಟ ಕಾಡಿನಲ್ಲಿ ಅಡಗುತ್ತಿದ್ದರು. ಕಾಡಿನ ಎಲೆ ಉದುರಿಸಿದರೆ ಅವರು ಕಣ್ಣಿಗೆ ಬೀಳುತ್ತಾರೆ, ಭತ್ತದ ಗದ್ದೆ ಸುಟ್ಟರೆ ಅವರಿಗೆ ಅನ್ನ ಸಿಗುವುದಿಲ್ಲ ಎಂಬುದು ಅಮೆರಿಕ ಸೈನ್ಯದ ಲೆಕ್ಕಾಚಾರ. 1961ರಿಂದ 1971ರವರೆಗೆ ದಕ್ಷಿಣ ವಿಯೆಟ್ನಾಮಿನ ಮೇಲೆ 7 ಕೋಟಿ ಲೀಟರಿಗೂ ಹೆಚ್ಚು ಕಳೆನಾಶಕ ಸುರಿಯಲಾಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ 2,4-ಡಿ ಮತ್ತು 2,4,5-ಟಿಗಳ ಸಮಪಾಲಿನ ಮಿಶ್ರಣ. ಪೀಪಾಯಿಗಳಿಗೆ ಕಿತ್ತಳೆ ಬಣ್ಣದ ಪಟ್ಟಿ ಬಳಿದಿದ್ದರಿಂದ ಅದಕ್ಕೆ 'ಏಜೆಂಟ್ ಆರೆಂಜ್' ಎಂಬ ಹೆಸರು ಬಂತು. ಭತ್ತದ ಬೆಳೆ ನಾಶಮಾಡಲು ಸುರಿದದ್ದು ಬೇರೆ, ಅದು ಶಂಖಪಾಷಾಣದ ಅಂಶವುಳ್ಳ 'ಏಜೆಂಟ್ ಬ್ಲೂ'.

ಒಂದು ವಿಮಾನದಲ್ಲಿ ಸುಮಾರು 3,800 ಲೀಟರ್ ಹಿಡಿಯುತ್ತಿತ್ತು. ನಮ್ಮ 16 ಲೀಟರಿನ ಬೆನ್ನಿನ ಪಂಪಿನ ಲೆಕ್ಕದಲ್ಲಿ ಇದು ಸುಮಾರು 240 ಪಂಪು. ಅಷ್ಟನ್ನೂ ಸುಮಾರು 4 ನಿಮಿಷಗಳಲ್ಲಿ ಖಾಲಿ ಮಾಡುತ್ತಿದ್ದರು. ನಾವು ನೀರು ಬೆರೆಸಿ ತೆಳುವಾಗಿ ಹೊಡೆಯುತ್ತೇವೆ. ಅಲ್ಲಿ ನೀರು ಬೆರೆಸದೆ ಎಕರೆಗೆ ಸುಮಾರು 11 ಲೀಟರಿನಂತೆ ಸುರಿದರು. ಸಮುದ್ರದಂಚಿನ ಕಾಂಡ್ಲಾ ಕಾಡುಗಳು ಒಂದೇ ಸಿಂಪರಣೆಗೆ ಸತ್ತವು. ಗುಡ್ಡದ ಕಾಡುಗಳಲ್ಲಿ ಮತ್ತೆ ಮತ್ತೆ ಸಿಂಪಡಿಸಿದ ಕಡೆ ಮರ ಸತ್ತು, ದರ್ಭೆಯ ಜಾತಿಯ ಒರಟು ಹುಲ್ಲು ಆವರಿಸಿತು. ನಮ್ಮ ಸೊಪ್ಪಿನಬೆಟ್ಟಗಳು ಹಾಗಾದರೆ ತೋಟದ ಗತಿ ಏನು ಎಂದು ತಾವೇ ಊಹಿಸಿ.

ಹೊರಟು ಹೋಗದ ವಿಷ

ಕಾಡು ಸತ್ತದ್ದು ಕಣ್ಣಿಗೆ ಕಂಡಿತು. ಕಣ್ಣಿಗೆ ಕಾಣದ ಇನ್ನೊಂದು ವಿಷ ಅದರೊಳಗಿತ್ತು. 2,4,5-ಟಿ ತಯಾರಿಸುವಾಗ ಕಾವು ಹೆಚ್ಚಾದರೆ ಡಯಾಕ್ಸಿನ್ ಎಂಬ ಬೇಡದ ವಸ್ತು ಹುಟ್ಟುತ್ತದೆ. ಯುದ್ಧಕ್ಕಾಗಿ ಅವಸರದಲ್ಲಿ ತಯಾರಿಸಿದ ಸರಕಿನಲ್ಲಿ ಇದು ಬೆರೆತಿತ್ತು. ಡಯಾಕ್ಸಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಕೆರೆಯ ಕೆಸರಿನಿಂದ ಮೀನಿಗೆ, ಮೀನಿನಿಂದ ಮನುಷ್ಯನಿಗೆ, ತಾಯಿಯ ಎದೆಹಾಲಿನಿಂದ ಕೂಸಿಗೆ ಹೋಗುತ್ತದೆ. ಮನುಷ್ಯನ ಮೈಯೊಳಗೆ ಸೇರಿದ್ದು ಅರ್ಧಕ್ಕೆ ಇಳಿಯಲು ಏಳರಿಂದ ಹನ್ನೊಂದು ವರ್ಷ ಬೇಕು. ಇದು ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲಿ ನಿಶ್ಚಿತವಾಗಿ ವರ್ಗೀಕರಿಸಿದೆ.

2,4,5-ಟಿ ಕೊಟ್ಟ ಇಲಿಗಳ ಮರಿಗಳು ಅಂಗವಿಕಲವಾಗಿ ಹುಟ್ಟಿದ ಸಂಗತಿ 1969ರಲ್ಲಿ ಹೊರಬಂತು. 1970ರಲ್ಲಿ ಅಮೆರಿಕ ಏಜೆಂಟ್ ಆರೆಂಜ್ ಬಳಕೆ ನಿಲ್ಲಿಸಿತು. ಸಿಂಪರಣೆ ನಿಂತಿತು, ಹಾನಿ ನಿಲ್ಲಲಿಲ್ಲ. ಅಂಗವಿಕಲರು ಹಾಗೂ ಕಾಯಿಲೆಗೆ ತುತ್ತಾದವರು ಸೇರಿ ಸುಮಾರು 30 ಲಕ್ಷ ಜನ ಬಾಧಿತರೆಂದು ವಿಯೆಟ್ನಾಂ ರೆಡ್‌ಕ್ರಾಸ್ ಹೇಳುತ್ತದೆ. ವಿಷ ಸುರಿದ ಅಮೆರಿಕದ ಸೈನಿಕರೂ ಪಾರಾಗಲಿಲ್ಲ. ಅವರು ಹೂಡಿದ ದಾವೆಯಲ್ಲಿ ತಯಾರಕ ಕಂಪನಿಗಳು 1984ರಲ್ಲಿ 18 ಕೋಟಿ ಡಾಲರ್ ಕೊಡಲು ಒಪ್ಪಿದವು. ಬೆನ್ನುಹುರಿಯ ದೋಷದಿಂದ ಹುಟ್ಟಿದ ಸೈನಿಕರ ಮಕ್ಕಳಿಗೆ ನೆರವು ನೀಡಲು 1996ರಲ್ಲಿ ಅಲ್ಲಿ ಕಾನೂನು ಬಂತು. ವಿಯೆಟ್ನಾಮಿನ ತಾಯಂದಿರಿಗೆ ಅಂತಹ ಕಾನೂನು ಇರಲಿಲ್ಲ.

ಪೀಪಾಯಿಗಳನ್ನು ಇಟ್ಟಿದ್ದ ಬಿಯೆನ್ ಹೋವಾ ವಿಮಾನ ನೆಲೆಯ ಸುತ್ತಿನ ಮೀನು, ಬಾತುಕೋಳಿಗಳಲ್ಲಿ ಯುದ್ಧ ಮುಗಿದು ದಶಕಗಳಾದ ಮೇಲೂ ಡಯಾಕ್ಸಿನ್ ಇರುವುದನ್ನು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇನ್ನೊಂದು ನೆಲೆಯಾದ ಡಾ ನಾಂಗಿನ ಮಣ್ಣನ್ನು ಅಗೆದು, ಕಾಯಿಸಿ ಶುದ್ಧಿಮಾಡುವ ಕೆಲಸ ಮುಗಿದದ್ದು 2018ರಲ್ಲಿ. ಗಮನಿಸಿ: ವಿಷ ಹೆಚ್ಚು ಉಳಿದದ್ದು ಡಬ್ಬಿ ಇಟ್ಟ, ಚೆಲ್ಲಿದ, ತೊಳೆದ ಜಾಗದಲ್ಲಿ.

2,4,5-ಟಿಗೆ ನಮ್ಮ ದೇಶದಲ್ಲಿ ನೋಂದಣಿ ನಿರಾಕರಿಸಲಾಗಿದೆ. ಅದರ ಜೊತೆಗಾರ 2,4-ಡಿ ಮಾತ್ರ ಅಂಗಡಿಯಲ್ಲಿ ಸಿಗುತ್ತದೆ. ಏಜೆಂಟ್ ಆರೆಂಜಿನ ಆ ಘೋರ ಡಯಾಕ್ಸಿನ್ ಬಂದದ್ದು 2,4,5-ಟಿಯಿಂದ. ಆದ್ದರಿಂದ ಗದ್ದೆಗೆ 2,4-ಡಿ ಹೊಡೆದವರು ಗಾಬರಿ ಬೀಳಬೇಕಾಗಿಲ್ಲ. ಆದರೆ ಅದು ನಿರಪಾಯಕಾರಿಯೂ ಅಲ್ಲ. ಅದೇ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ 2,4-ಡಿಯನ್ನು ಕ್ಯಾನ್ಸರ್ ತರುವ ಶಂಕೆಯಿರುವ ಪಟ್ಟಿಗೂ, ಗ್ಲೈಫೋಸೇಟನ್ನು ಹೆಚ್ಚಿನ ಸಂಭವವಿರುವ ಪಟ್ಟಿಗೂ ಸೇರಿಸಿತು.

ನಮ್ಮ ನೆರೆಯಲ್ಲಿ ನಡೆದದ್ದು

ಯುದ್ಧವಿಲ್ಲದ ನಾಡಿನಲ್ಲೂ ಆಕಾಶದಿಂದ ವಿಷ ಸುರಿದದ್ದುಂಟು. ಕಾಸರಗೋಡು ಜಿಲ್ಲೆಯಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳು 4,500 ಹೆಕ್ಟೇರಿನಷ್ಟಿವೆ. ಗೇರಿನ ಚಿಗುರು, ಹೂವುಗಳ ರಸ ಹೀರುವ ಟೀ ಸೊಳ್ಳೆಯ ಹತೋಟಿಗಾಗಿ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಇದು ಕಳೆನಾಶಕವಲ್ಲ, ಕೀಟನಾಶಕ. ಆದರೆ ಸುರಿದ ರೀತಿ ಅದೇ.

ತೋಟಗಳಿದ್ದದ್ದು ಗುಡ್ಡದ ಮೇಲೆ, ಮನೆಗಳಿದ್ದದ್ದು ಕೆಳಗೆ. ಸಿಂಪರಣೆಗೆ ಮುಂಚೆ ಬಾವಿ ಮುಚ್ಚಬೇಕೆಂಬ ನಿಯಮವಿತ್ತು. ಬಾವಿಯನ್ನು ಮುಚ್ಚಬಹುದು, ಸುರಂಗದಿಂದ ಹರಿದು ಬರುವ ನೀರನ್ನೂ ತೋಡನ್ನೂ ಮುಚ್ಚುವುದು ಹೇಗೆ? ಕರುಗಳು ಕಾಲು ಸೊಟ್ಟಗಾಗಿ ಹುಟ್ಟುತ್ತಿರುವ ಬಗ್ಗೆ ಆ ಊರಿನವರೇ ಆದ ಪತ್ರಕರ್ತ ಶ್ರೀಪಡ್ರೆಯವರು 1980ರ ದಶಕದ ಆರಂಭದಲ್ಲೇ ಬರೆದರು. ಎಣ್ಮಕಜೆ ಪಂಚಾಯಿತಿಯ ಪಡ್ರೆ ಸುತ್ತಿನಲ್ಲಿ ವೈದ್ಯ ಮೋಹನ ಕುಮಾರರು ಬುದ್ಧಿಮಾಂದ್ಯತೆ, ಅಪಸ್ಮಾರ, ಹುಟ್ಟು ಅಂಗವೈಕಲ್ಯದ ಮಕ್ಕಳ ಸಂಖ್ಯೆ ಹೆಚ್ಚಾಗಿರುವುದನ್ನು ದಾಖಲಿಸುತ್ತ ಬಂದರು. ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. 2000ದಲ್ಲಿ ಆಕಾಶದ ಸಿಂಪರಣೆ ನಿಂತಿತು. ನಮ್ಮ ಇಲಾಖೆಯ ಕೆಲಸ ಸಿಂಪರಣೆ ಕಲಿಸುವುದಷ್ಟೇ ಅಲ್ಲ, ನಿಲ್ಲಿಸಬೇಕಾದಾಗ ನಿಲ್ಲಿಸಿ ಎನ್ನುವುದೂ ಹೌದೆಂದು ಆ ತಾಯಿ ತೋರಿಸಿಕೊಟ್ಟರು.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪಡ್ರೆಯ ಶಾಲಾಮಕ್ಕಳನ್ನು ಸಿಂಪರಣೆಯಾಗದ ಊರಿನ ಮಕ್ಕಳೊಂದಿಗೆ ಹೋಲಿಸಿ ನೋಡಿದರು. ಪಡ್ರೆಯ ಮಕ್ಕಳಲ್ಲಿ ಕಲಿಕೆಯ ತೊಂದರೆ, ಹುಟ್ಟು ದೋಷ ಹೆಚ್ಚು ಕಂಡವು. ಸಿಂಪರಣೆ ನಿಂತು ಹತ್ತು ತಿಂಗಳಾದ ಮೇಲೂ ರಕ್ತದಲ್ಲಿ ಎಂಡೋಸಲ್ಫಾನ್ ಸಿಕ್ಕಿತು. ಎಲ್ಲ ತಜ್ಞ ಸಮಿತಿಗಳೂ ಇದನ್ನು ಒಪ್ಪಲಿಲ್ಲ, ವಾದ ವರ್ಷಗಟ್ಟಲೆ ನಡೆಯಿತು. ಆ ವರ್ಷಗಳಲ್ಲಿ ಮಕ್ಕಳನ್ನು ಎತ್ತಿ ಮಲಗಿಸಿ, ಉಣ್ಣಿಸಿ ಸಾಕಿದವರು ಮನೆಯ ಹೆಂಗಸರು.

ನಮ್ಮ ರಾಜ್ಯದ ದಕ್ಷಿಣ ಕನ್ನಡದಲ್ಲೂ ಗೇರು ಅಭಿವೃದ್ಧಿ ನಿಗಮದ ತೋಟಗಳಿಗೆ ಹೀಗೆಯೇ ಸಿಂಪಡಿಸಲಾಗಿತ್ತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ ಗ್ರಾಮಗಳು ಇದರ ಫಲ ಉಂಡವು. 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಎಂಡೋಸಲ್ಫಾನ್ ನಿಷೇಧಿಸಿತು. ಅದೇ ವರ್ಷದ ಮೇ 13ರಂದು ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ತಡೆ ನೀಡಿತು. ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಕೇರಳ ಸರ್ಕಾರಕ್ಕೆ ಆದೇಶಿಸಿತು.

ಸಾಗರ ತಾಲ್ಲೂಕಿನ ಹಂದಿಗೋಡಿನ ಕಾಯಿಲೆಯನ್ನೂ ತಾವು ಇಲ್ಲಿ ನೆನೆಯಬಹುದು. 1974-75ರ ಸುಮಾರಿಗೆ ಬಡ ಕೂಲಿಕಾರರ ಸೊಂಟ, ಮೊಣಕಾಲು ಹಿಡಿದು ನಡೆಯಲಾರದಂತೆ ಮಾಡಿದ ಆ ಕಾಯಿಲೆಗೆ, ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಸಂಶಯ ಮೊದಲು ಎದ್ದಿತ್ತು. ಅದು ವಂಶಪಾರಂಪರ್ಯವಾಗಿ ಬರುವ ಮೂಳೆ-ಕೀಲುಗಳ ದೋಷವೆಂದು ನಂತರದ ಅಧ್ಯಯನಗಳು ತಿಳಿಸಿದವು. ಊರಿನ ಪ್ರತಿ ಕಾಯಿಲೆಯನ್ನೂ ವಿಷದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಕಾಯಿಲೆಯ ಕಾರಣ ತಿಳಿಯಲು ದಶಕಗಳು ಬೇಕಾಗುವಾಗ, ವಿಷ ಮೈಗೆ ಸೋಕದಂತೆ ಇಂದೇ ನೋಡಿಕೊಳ್ಳುವುದು ವಿವೇಕ.

ನಮ್ಮ ತೋಟದಲ್ಲಿ ಏನು ಮಾಡಬೇಕು?

ಪಡ್ರೆಯಂತೆ ನಮ್ಮದೂ ಗುಡ್ಡದ ನಾಡು. ಮೇಲೆ ಬೆಟ್ಟ, ನಡುವೆ ಮನೆ, ಕೆಳಗೆ ತೋಟ, ಗದ್ದೆ, ಹಳ್ಳ. ಒಬ್ಬರ ಬಸಿಗಾಲುವೆಯ ನೀರು ಇನ್ನೊಬ್ಬರ ಕುಡಿಯುವ ನೀರು. ಮಾಸ್ತಿಕಟ್ಟೆ, ಹುಲಿಕಲ್ ಕಡೆ ಬೀಳುವ ಮಳೆಗೆ ನೆಲದ ಮೇಲಿನದೆಲ್ಲ ತೊಳೆದು ಹೋಗುತ್ತದೆ. ಆದ್ದರಿಂದ ಈ ಕ್ರಮಗಳನ್ನು ಪಾಲಿಸಿ.

1. ಮೊದಲು ಬೇಕೋ ಬೇಡವೋ ಯೋಚಿಸಿ. ಇಳಿಜಾರಿನ ತೋಟದಲ್ಲಿ ಹುಲ್ಲು ಮಣ್ಣನ್ನು ಹಿಡಿದಿಡುತ್ತದೆ. ಪೂರ್ತಿ ಸಾಯಿಸಿದರೆ ಮೇಲ್ಮಣ್ಣು ಹಳ್ಳ ಸೇರುತ್ತದೆ. ಯಂತ್ರದಿಂದ ಹುಲ್ಲು ಕತ್ತರಿಸಿ ಬುಡಕ್ಕೆ ಹಾಕಿ. ಸೊಪ್ಪಿನ ಹೊದಿಕೆ ಕೊಡಿ. ಗದ್ದೆಯಲ್ಲಿ ಸಾಲು ನಾಟಿ ಮಾಡಿ ಕಳೆ ತೆಗೆಯುವ ಯಂತ್ರ ಓಡಿಸಿ.

2. ಡಬ್ಬಿಯ ಮೇಲಿನ ತ್ರಿಕೋನ ನೋಡಿ. ಕೆಂಪು ಅತಿ ಘೋರ ವಿಷ, ನಂತರ ಹಳದಿ, ನೀಲಿ, ಹಸಿರು. ಹಸಿರು ಎಂದರೆ ವಿಷವಿಲ್ಲ ಎಂದಲ್ಲ, ಉಳಿದವುಗಳಿಗಿಂತ ಕಡಿಮೆ ಎಂದಷ್ಟೇ. ಬಿಡಿಯಾಗಿ ಬಾಟ್ಲಿಯಲ್ಲಿ ಕೊಟ್ಟದ್ದನ್ನು ಕೊಳ್ಳಬೇಡಿ. ರಸೀದಿ ಮತ್ತು ಕರಪತ್ರ ಕೇಳಿ ಪಡೆಯಿರಿ.

3. ಬಸುರಿಯರು, ಬಾಣಂತಿಯರು, ಮಕ್ಕಳು ವಿಷ ಬೆರೆಸುವ, ನೀರು ಹೊತ್ತು ಕೊಡುವ, ಆ ಬಟ್ಟೆ ಒಗೆಯುವ ಕೆಲಸವನ್ನು ಮಾಡಕೂಡದು. ಸಿಂಪಡಿಸಿದವನ ಬಟ್ಟೆಯನ್ನು ಮನೆಯ ಬಟ್ಟೆಯ ಜೊತೆ ನೆನೆಹಾಕಬಾರದು.

4. ತುಂಬುತೋಳಿನ ಅಂಗಿ, ಕೈಗವಸು, ಬೂಟು, ಕನ್ನಡಕ, ಮುಖವಸ್ತ್ರ ಇಲ್ಲದೆ ಪಂಪು ಹೊರಬೇಡಿ. ಆಳಿಗೆ ಇವನ್ನು ಒದಗಿಸುವುದು ತೋಟದವರ ಹೊಣೆ. ಕಟ್ಟಿಕೊಂಡ ನಾಜಲನ್ನು ಬಾಯಿಂದ ಊದಬೇಡಿ.

5. ಗಾಳಿ ಬೀಸುವಾಗ, ಮಳೆ ಬರುವಂತಿರುವಾಗ ಹೊಡೆಯಬೇಡಿ. 2,4-ಡಿ ಗಾಳಿಯಲ್ಲಿ ತೇಲಿ ಹೋದರೆ ಕಾಳುಮೆಣಸಿನ ಬಳ್ಳಿ, ಬದನೆ, ಟೊಮೆಟೊ ಹಾಳಾಗುತ್ತವೆ. ಬಾವಿ, ಹಳ್ಳ, ಅಬ್ಬಿ ನೀರಿನ ಮೂಲದ ಹತ್ತಿರ ಕಳೆಯನ್ನು ಕತ್ತಿಯಿಂದಲೇ ತೆಗೆಯಿರಿ. ಈಗ ಡ್ರೋನ್ ಕೂಡ ಬಂದಿದೆ. ಅದರಿಂದ ಸಿಂಪಡಿಸಲು ಕೇಂದ್ರ ಕೃಷಿ ಸಚಿವಾಲಯ 2021ರಲ್ಲಿ ನಿಯಮ ಮಾಡಿದೆ. ಮೇಲಿನಿಂದ ಹೊಡೆದದ್ದು ಬೇಲಿ ನೋಡಿ ನಿಲ್ಲುವುದಿಲ್ಲ, ಮರೆಯದಿರಿ.

6. ಪಂಪನ್ನು ಹಳ್ಳದಲ್ಲಿ ತೊಳೆಯಬೇಡಿ. ಡಬ್ಬಿಯನ್ನು ಮೂರು ಸಲ ಗಲಬರಿಸಿ ಆ ನೀರನ್ನು ಪಂಪಿಗೇ ಸುರಿದು ಕಳೆಗೆ ಹೊಡೆಯಿರಿ. ಖಾಲಿ ಡಬ್ಬಿಗೆ ತೂತು ಮಾಡಿ. ಅದರಲ್ಲಿ ಎಣ್ಣೆ, ನೀರು ತುಂಬಬೇಡಿ.

7. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತಿವಿಷವಿಲ್ಲ. ಒಂದು ಗುಟುಕು ಶ್ವಾಸಕೋಶ ಕೆಡಿಸಿ ಜೀವ ತೆಗೆಯಬಲ್ಲದು. ಯಾವುದೇ ವಿಷವನ್ನು ಸೋಡಾ, ಸಾರಾಯಿ ಬಾಟ್ಲಿಗೆ ಹಾಕಬೇಡಿ. ಬೀಗ ಹಾಕಿಡಿ.

8. ವಿಷ ಮೈಗೆ ಬಿದ್ದರೆ ಬಟ್ಟೆ ಬಿಚ್ಚಿ ಸೋಪು ನೀರಿನಿಂದ ತೊಳೆಯಿರಿ. ಹೊಟ್ಟೆಗೆ ಹೋಗಿದ್ದರೆ ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಡಬ್ಬಿಯ ಚೀಟಿಯನ್ನು ವೈದ್ಯರಿಗೆ ತೋರಿಸಿ.

9. ಹೊಡೆದ ಹುಲ್ಲನ್ನು ದನಕ್ಕೆ ಹಾಕಬೇಡಿ. ಕರಪತ್ರದಲ್ಲಿ ಹೇಳಿದಷ್ಟು ದಿನ ಮೇಯಲು ಬಿಡಬೇಡಿ.

ಕೊನೆಗೊಂದು ಮಾತು. ಡಬ್ಬಿಯ ಜೊತೆ ಬರುವ ಕರಪತ್ರದ ಅಕ್ಷರ ಬಹಳ ಸಣ್ಣದು. ಪಂಪು ಹೊರುವ ಅನೇಕರಿಗೆ ಅದನ್ನು ಓದಲು ಬರುವುದಿಲ್ಲ, ಓದಿ ಹೇಳುವವರೂ ಇರುವುದಿಲ್ಲ. ಈ ಪುಟ ಓದುತ್ತಿರುವ ತಾವು ಮುಂದಿನ ಸಿಂಪರಣೆಗೆ ಮುಂಚೆ ಆ ಕರಪತ್ರವನ್ನು ವಾಚನಾಲಯಕ್ಕೆ ತನ್ನಿ. ಕೆಲಸಕ್ಕೆ ಬರುವವರನ್ನು ಕೂಡಿಸಿಕೊಂಡು ಒಬ್ಬರು ಗಟ್ಟಿಯಾಗಿ ಓದಿ. ಹತ್ತು ನಿಮಿಷದ ಕೆಲಸವಷ್ಟೇ. ಅರ್ಥವಾಗದ್ದನ್ನು ರೈತ ಸಂಪರ್ಕ ಕೇಂದ್ರಕ್ಕೆ ಬಂದು ಕೇಳಿ.