ಮತದಾರರ ಪಟ್ಟಿ: ಗುರುತಿನ ಚೀಟಿಯೊಂದೇ ಸಾಲದು

ಮತದಾರರ ಗುರುತಿನ ಚೀಟಿ ಕೈಯಲ್ಲಿದ್ದರೂ ಮತಗಟ್ಟೆಯಿಂದ ಬರಿಗೈಯಲ್ಲಿ ಹಿಂತಿರುಗುವ ಪ್ರಸಂಗಗಳುಂಟು. ಪ್ರಜಾ ಪ್ರಾತಿನಿಧ್ಯ ಕಾಯ್ದೆ, 1951ರ 62ನೇ ಪ್ರಕರಣದ ಮೇರೆಗೆ, ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಅಲ್ಲಿ ಮತ ಚಲಾಯಿಸುವ ಹಕ್ಕಿರುವುದಿಲ್ಲ. ಚೀಟಿಯು ಗುರುತನ್ನಷ್ಟೇ ದೃಢಪಡಿಸುತ್ತದೆ. ಆಧಾರ್ ಸಂಖ್ಯೆಯಂತೂ ಪೌರತ್ವಕ್ಕೆ ಪುರಾವೆಯೇ ಅಲ್ಲ.

ಪಟ್ಟಿಗೆ ಸೇರಬಯಸುವವರು ಭಾರತದ ಪೌರರೂ ಅರ್ಹತಾ ದಿನಾಂಕದಂದು 18 ವರ್ಷ ತುಂಬಿದವರೂ ಆಗಿರತಕ್ಕದ್ದು (1989ಕ್ಕೆ ಮುನ್ನ 21 ವರ್ಷ ತುಂಬಿರಬೇಕಾಗಿತ್ತು). ಜೊತೆಗೆ ಕ್ಷೇತ್ರದ ‘ಸಾಮಾನ್ಯ ನಿವಾಸಿ’ಗಳಾಗಿರಬೇಕು. ಗೊಂದಲವೆಲ್ಲ ಉಂಟಾಗುವುದು ಇಲ್ಲಿಯೇ. ಊರಿನಲ್ಲಿ ಸ್ವಂತ ಮನೆಯಿದ್ದ ಮಾತ್ರಕ್ಕೆ ಯಾರೂ ಸಾಮಾನ್ಯ ನಿವಾಸಿಯಾಗುವುದಿಲ್ಲ. ಕೂಲಿಗಾಗಿ ಕೆಲಕಾಲ ಪರಸ್ಥಳಕ್ಕೆ ತೆರಳಿದ ಮಾತ್ರಕ್ಕೆ ನಿವಾಸ ತಪ್ಪುವುದೂ ಇಲ್ಲ.

ಹೊಸ ಸೇರ್ಪಡೆಗೆ ನಮೂನೆ-6, ವಾಸಸ್ಥಳ ಬದಲಾವಣೆ ಹಾಗೂ ತಿದ್ದುಪಡಿಗೆ ನಮೂನೆ-8 ಸಲ್ಲಿಸತಕ್ಕದ್ದು.

ವಾಸ ಬಿಟ್ಟಿದ್ದಾರೆ ಅಥವಾ ಅರ್ಹರಲ್ಲ ಎಂಬ ಕಾರಣದಿಂದ ಹೆಸರನ್ನು ತೆಗೆದುಹಾಕುವ ಮುನ್ನ, ಸಂಬಂಧಪಟ್ಟವರ ಅಹವಾಲನ್ನು ಆಲಿಸಲು ಸೂಕ್ತ ಅವಕಾಶ ನೀಡಬೇಕೆಂದು 1950ರ ಕಾಯ್ದೆಯ 22ನೇ ಪ್ರಕರಣವು ವಿಧಿಸುತ್ತದೆ. ಆದುದರಿಂದ ನೋಟಿಸು ತಲುಪಿದಲ್ಲಿ ಅದನ್ನು ಕಡೆಗಣಿಸದೆ ದಾಖಲೆಗಳೊಂದಿಗೆ ಹಾಜರಾಗುವುದು ಅವಶ್ಯ. ಮತದಾರರ ನೋಂದಣಾಧಿಕಾರಿಗಳ ಆದೇಶದಿಂದ ಬಾಧಿತರಾದವರು 15 ದಿನಗಳೊಳಗಾಗಿ ಜಿಲ್ಲಾ ದಂಡಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದಾಗಿದೆ.