ಅರ್ಧ ಗಂಟೆಯ ಊರು

ಬೆಂಗಳೂರಿನಲ್ಲಿ ‘ಮನೆ ಎಷ್ಟು ದೂರ?’ ಎಂದು ಕೇಳಿದರೆ ಯಾರೂ ಕಿಲೋಮೀಟರ್ ಲೆಕ್ಕ ಹೇಳುವುದಿಲ್ಲ. ‘ಟ್ರಾಫಿಕ್ ಇಲ್ಲದಿದ್ದರೆ ಇಪ್ಪತ್ತು ನಿಮಿಷ, ಸಂಜೆಯಾದರೆ ದೇವರೇ ಗತಿ’ ಅನ್ನುತ್ತಾರೆ. ನಗೆ ಬಂದರೂ ಇದು ಶಾಸ್ತ್ರಸಮ್ಮತ ಉತ್ತರವೇ. ಊರಿನ ಅಗಲ ಅಳೆಯಲು ಟೇಪಿಗಿಂತ ಗಡಿಯಾರ ವಾಸಿ.

1970ರ ದಶಕದಲ್ಲಿ ಯಾಕೋವ್ ಜಹಾವಿ ಎಂಬ ಸಾರಿಗೆ ತಜ್ಞ ಹಲವು ದೇಶಗಳ ನಗರಗಳಲ್ಲಿ ಜನ ಓಡಾಟಕ್ಕೆ ಎಷ್ಟು ಹೊತ್ತು ಕೊಡುತ್ತಾರೆಂದು ಲೆಕ್ಕ ಹಾಕಿದರು. ವಾಹನ ಬೇರೆ, ಸಂಪಾದನೆ ಬೇರೆ. ಆದರೂ ಸರಾಸರಿ ಮಾತ್ರ ದಿನಕ್ಕೆ ಒಂದು ಗಂಟೆಯ ಆಸುಪಾಸಿನಲ್ಲೇ ಸುಳಿಯುತ್ತಿತ್ತು. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಇದನ್ನೇ ಹಿಡಿದು ಊರುಗಳ ಗಾತ್ರವನ್ನು ವಿವರಿಸಲು ಹೊರಟರು. ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ಇಂದು ಇದಕ್ಕೆ ‘ಮಾರ್ಕೆಟ್ಟಿ ಸ್ಥಿರಾಂಕ’ ಎಂದೇ ಹೆಸರು. ಜಹಾವಿಗೆ ಸ್ವಲ್ಪ ಅನ್ಯಾಯವೇ ಆಯಿತು.

ಕಾಲ್ನಡಿಗೆಯಲ್ಲಿ ಗಂಟೆಗೆ 5 ಕಿಲೋಮೀಟರ್. ನಡುವಿನಿಂದ ಅರ್ಧ ಗಂಟೆ ನಡೆದರೆ ಎರಡೂವರೆ ಕಿಲೋಮೀಟರ್. ಆ ವೃತ್ತದ ವಿಸ್ತೀರ್ಣ 20 ಚದರ ಕಿಲೋಮೀಟರಿಗೂ ಕಡಿಮೆ. ಬೆಂಗಳೂರಿನ ಹಳೇ ಪೇಟೆ ಅದರೊಳಗೆ ಸಲೀಸಾಗಿ ಕೂರುತ್ತದೆ. ಯಲಹಂಕ ಬಾಗಿಲಿದ್ದ ಮೈಸೂರು ಬ್ಯಾಂಕ್ ವೃತ್ತದಿಂದ ಅವೆನ್ಯೂ ರಸ್ತೆಯಲ್ಲಿ ನಡೆದು ಕೆ.ಆರ್. ಮಾರುಕಟ್ಟೆ ಸೇರಲು, ಅಂಗಡಿ ನೋಡುತ್ತ ನಿಲ್ಲದಿದ್ದರೆ, ಅರ್ಧ ಗಂಟೆಯೂ ಬೇಡ. ಊರು ಅಲ್ಲಿಯವರೆಗೆ ಬೆಳೆದೀತು ಎಂದು ಕೆಂಪೇಗೌಡರ ಗೋಪುರಗಳು ಎದ್ದವೆಂಬ ಪ್ರತೀತಿಯಿದೆಯಲ್ಲ, ಅವುಗಳಲ್ಲಿ ಮೇಖ್ರಿ ವೃತ್ತದ ಬಳಿಯದಕ್ಕೆ ಪೇಟೆಯಿಂದ ನಡೆದೇ ಹೋದರೆ ಗಂಟೆ ದಾಟುತ್ತದೆ. ನಡೆಯುವವರ ಊರಿಗೆ ಅದು ಕನಸಿನ ಅಂಚು.

ವೇಗ ಹೆಚ್ಚಿದಾಗ ಊರು ಬೆಳೆಯುವ ರೀತಿ ಬೆರಗಿನದು. ವೃತ್ತದ ವಿಸ್ತೀರ್ಣ ತ್ರಿಜ್ಯದ ವರ್ಗಕ್ಕೆ ತಕ್ಕಂತೆ ಹಿಗ್ಗುವುದರಿಂದ ವೇಗ ಮೂರು ಪಟ್ಟಾದರೆ ಊರು ಒಂಬತ್ತು ಪಟ್ಟು! ಬರ್ಲಿನ್ ನಗರ ಕುದುರೆ ಟ್ರಾಮು, ವಿದ್ಯುತ್ ಟ್ರಾಮು, ನೆಲದಡಿಯ ರೈಲು, ಕಾರು ಬಂದಂತೆಲ್ಲ ಹರಡಿಕೊಂಡದ್ದನ್ನು ಮಾರ್ಕೆಟ್ಟಿ ತೋರಿಸಿದರು. ಉಳಿದ ಸಮಯವನ್ನು ಜನ ಜೇಬಿಗಿಟ್ಟುಕೊಳ್ಳಲಿಲ್ಲ, ಇನ್ನೂ ದೂರದಲ್ಲಿ ಮನೆ ಮಾಡಿದರು.

ರಸ್ತೆ ಅಗಲ ಮಾಡಿದಷ್ಟೂ ಮತ್ತೆ ತುಂಬಿಕೊಳ್ಳುವುದಕ್ಕೂ ಇದೊಂದು ಕಾರಣ. ಅಮೆರಿಕದ ಮಹಾನಗರಗಳ ಬಗ್ಗೆ ಡುರಾಂಟನ್ ಮತ್ತು ಟರ್ನರ್ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೆದ್ದಾರಿ ಶೇ. 1ರಷ್ಟು ಹೆಚ್ಚಿದರೆ ಅದರ ಮೇಲಿನ ವಾಹನ ಸಂಚಾರವೂ ಹೆಚ್ಚುಕಡಿಮೆ ಶೇ. 1ರಷ್ಟೇ ಹೆಚ್ಚುತ್ತದೆ. ಹೊಸ ಫ್ಲೈಓವರ್ ಉದ್ಘಾಟನೆಯ ಭಾಷಣಗಳಲ್ಲಿ ಈ ಅಂಕಿ ಕೇಳಿಬರುವುದಿಲ್ಲ.

ಈಗ ಬೆಂಗಳೂರಿನ ಲೆಕ್ಕಕ್ಕೆ ಬರೋಣ. ಟಾಮ್‌ಟಾಮ್ ಸಂಸ್ಥೆಯ ಅಳತೆಯಂತೆ 2022ರಲ್ಲಿ ನಗರದ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ ಬೇಕಿತ್ತು. ಎಂದರೆ ನಮ್ಮ ಅರ್ಧ ಗಂಟೆಯ ವೃತ್ತ ಸುಮಾರು 314 ಚದರ ಕಿಲೋಮೀಟರ್. 2007ರಲ್ಲಿ ಹುಟ್ಟಿದ ಬಿಬಿಎಂಪಿಯ ವ್ಯಾಪ್ತಿಯೋ 700 ಚದರ ಕಿಲೋಮೀಟರಿಗೂ ಮಿಕ್ಕಿತ್ತು. ಹಾಸಿಗೆ ಮೀರಿ ಕಾಲು ಚಾಚಿದ ಊರು ಇದು. ಮೀರಿದ್ದಕ್ಕೆ ದಂಡ ಕಟ್ಟುತ್ತಿರುವವರು ಎರಡೆರಡು ಬಸ್ಸು ಬದಲಿಸುವವರು. ಅವರ ಪಾಲಿಗೆ ಸ್ಥಿರಾಂಕ ಎಂದೋ ಅಸ್ಥಿರವಾಗಿದೆ. ಸರಾಸರಿ ಎಂಬುದು ಇಂಥವರನ್ನು ಮುಚ್ಚಿಡುವ ಚಾದರವೂ ಹೌದು.

ಉಪಾಯ ಎರಡೇ. ವೇಗ ಹೆಚ್ಚಬೇಕು, ಇಲ್ಲವೇ ದೂರ ಕುಗ್ಗಬೇಕು. ಮೆಟ್ರೊ ಮೊದಲನೆಯದರ ಪ್ರಯತ್ನ. ಎರಡನೆಯದಕ್ಕೆ ಸಾಂದ್ರತೆ ಬೇಕು, ಆ ಪದ ಕೇಳಿದೊಡನೆ ನಮಗೆ ಗಗನಚುಂಬಿಗಳೇ ಕಣ್ಣಿಗೆ ಕಟ್ಟುತ್ತವೆ. ಆದರೆ ಬಹುತೇಕ ಆರೇಳು ಅಂತಸ್ತಿನ ಕಟ್ಟಡಗಳ ಪ್ಯಾರಿಸ್‌ನಲ್ಲಿ ಚದರ ಕಿಲೋಮೀಟರಿಗೆ ಸುಮಾರು 20,000 ಜನ. 2011ರ ಜನಗಣತಿಯಲ್ಲಿ ಬಿಬಿಎಂಪಿ ಪ್ರದೇಶದ ಸರಾಸರಿ 12,000ವನ್ನೂ ಮುಟ್ಟಿರಲಿಲ್ಲ. ನಾವು ಎತ್ತರದ ಅಪಾರ್ಟ್‌ಮೆಂಟುಗಳನ್ನು ಊರಾಚೆಯ ಹೊಲಗಳಲ್ಲಿ ನಿಲ್ಲಿಸಿ, ಆಫೀಸುಗಳನ್ನು ಇನ್ನೊಂದು ದಿಕ್ಕಿನಲ್ಲಿ ಕಟ್ಟಿದೆವು. ಇಕ್ಕಟ್ಟು ಸಿಕ್ಕಿತು, ಹತ್ತಿರವಿರುವ ಸುಖ ಸಿಗಲಿಲ್ಲ.

2025ರಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿ ಒಡೆಯಿತು. ಬಾಡಿಗೆ ಮನೆ ಹುಡುಕುವವರು ಆ ವಿಭಜನೆಯನ್ನು ಎಂದೋ ಮಾಡಿಕೊಂಡಿದ್ದರು. ವೈಟ್‌ಫೀಲ್ಡಿನಲ್ಲಿ ಕೆಲಸವಿರುವವರು ರಾಜರಾಜೇಶ್ವರಿ ನಗರದ ‘ಟು-ಲೆಟ್’ ಬೋರ್ಡಿನತ್ತ ತಿರುಗಿಯೂ ನೋಡುವುದಿಲ್ಲ.