ಬಹುಭಾಷಾ ಜಾಲತಾಣಗಳೂ ಶೋಧಸೌಲಭ್ಯವೂ

ಗ್ರಂಥಭಂಡಾರದಲ್ಲಿ ಪುಸ್ತಕವೊಂದಿದ್ದು, ಅದರ ಹೆಸರು ಸೂಚಿಯಲ್ಲಿ ಸೇರದೆ ಹೋದರೆ, ಓದುಗನ ಪಾಲಿಗೆ ಆ ಪುಸ್ತಕ ಇಲ್ಲದಂತೆಯೇ ಸರಿ. ಅಂತರ್ಜಾಲದ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ಕನ್ನಡನಾಡಿನ ಚರಿತ್ರೆಯನ್ನು ಕುರಿತ ಬರಹಗಳನ್ನು ಕನ್ನಡ, ಇಂಗ್ಲಿಷ್ ಎರಡರಲ್ಲಿಯೂ ಪ್ರಕಟಿಸುವ ಜಾಲತಾಣಗಳು ಇಂದು ಇವೆ. ಆದರೂ ವಿದ್ಯಾರ್ಥಿಯು ಕನ್ನಡದಲ್ಲಿ ಹುಡುಕಿದಾಗ, ಕನ್ನಡದ ಪುಟವಿದ್ದೂ ಇಂಗ್ಲಿಷ್ ಪುಟವೇ ಅವನ ಮುಂದೆ ಬರುವುದುಂಟು. ಕೆಲವೊಮ್ಮೆ ಏನೂ ಬಾರದಿರುವುದೂ ಉಂಟು. ಇದಕ್ಕೆ ಕಾರಣಗಳಾವುವು, ಪರಿಹಾರವೇನು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಶೋಧಯಂತ್ರದ ಕಾರ್ಯ ಮೂರು ಬಗೆಯದು. ಮೊದಲು ಅದು ಕೊಂಡಿಯಿಂದ ಕೊಂಡಿಗೆ ಸಾಗುತ್ತ ಪುಟಗಳನ್ನು ಸಂಗ್ರಹಿಸುತ್ತದೆ. ಬಳಿಕ ಅವುಗಳಲ್ಲಿನ ಪದಗಳಿಗೆ ಸೂಚಿಯನ್ನು ರಚಿಸುತ್ತದೆ. ಕೊನೆಗೆ, ಓದುಗನು ಕೇಳಿದ ಪದಗಳಿಗೆ ಹೊಂದುವ ಪುಟಗಳನ್ನು ಯೋಗ್ಯತಾನುಕ್ರಮದಲ್ಲಿ ಮುಂದಿಡುತ್ತದೆ. ಈ ಮೂರರಲ್ಲಿ ಯಾವುದೊಂದು ಹಂತದಲ್ಲಿ ತೊಡಕುಂಟಾದರೂ ಪುಟವು ಓದುಗನಿಗೆ ಎಟಕುವುದಿಲ್ಲ.

ಮೊದಲನೆಯದಾಗಿ ಅಕ್ಷರಗಳ ಪ್ರಶ್ನೆ. 1991ರಲ್ಲಿ ಹೊರಬಂದ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆಂದು 128 ಸ್ಥಾನಗಳನ್ನು ಮೀಸಲಿಡಲಾಗಿದೆ. ಆದರೆ ಈ ವ್ಯವಸ್ಥೆ ಬಳಕೆಗೆ ಬರುವ ಮುನ್ನ, ರೋಮನ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕೃತಿಗಳನ್ನು ಕೂರಿಸುವ ಪದ್ಧತಿ ರೂಢಿಯಲ್ಲಿತ್ತು. ಅಂತಹ ಪುಟದಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಯಂತ್ರಕ್ಕೆ ದೊರೆಯುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸದ ಹೊರತು ಕನ್ನಡದ ಹುಡುಕಾಟಕ್ಕೆ ಅವು ಸಿಕ್ಕುವಂತಿಲ್ಲ. ಚಿತ್ರರೂಪದಲ್ಲಿ ಏರಿಸಿದ ಹಳೆಯ ಪುಸ್ತಕಗಳನ್ನೂ ಪಠ್ಯರೂಪಕ್ಕೆ ತಂದು ಸೇರಿಸಿದರೆ ಮಾತ್ರ ಅವು ಹುಡುಕಾಟಕ್ಕೆ ನೆಚ್ಚಿಕೆಯಿಂದ ಒದಗುವುವು. ಯೂನಿಕೋಡಿನಲ್ಲಿಯೂ ಸೂಕ್ಷ್ಮಗಳುಂಟು. ಅರ್ಕಾವೊತ್ತಿನ ‘ಸೂರ್ಯ’, ರಕಾರಕ್ಕೆ ಯಕಾರದ ಒತ್ತನ್ನು ಕೊಟ್ಟ ‘ಸೂರ‍್ಯ’ ಇವೆರಡರ ಉಚ್ಚಾರಣೆ ಒಂದೇ ಆದರೂ ಒಳಗಿನ ಸಂಕೇತಗಳ ಅನುಕ್ರಮ ಬೇರೆ. ಆದುದರಿಂದ ಒಂದು ತಾಣದಲ್ಲಿ ಒಂದೇ ಬರಹಕ್ರಮವನ್ನು ಅನುಸರಿಸುವುದು ಲೇಸು.

ಎರಡನೆಯದು ಪುಟಗಳ ವ್ಯವಸ್ಥೆ. ಹಲ್ಮಿಡಿ ಶಾಸನವನ್ನು ಕುರಿತು ಎರಡು ಭಾಷೆಗಳಲ್ಲಿ ಬರೆದಿದ್ದೇವೆಂದು ಭಾವಿಸೋಣ. ಎರಡನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕದಲ್ಲಿರಿಸಿದರೆ ಆ ಪುಟ ಯಾವ ಭಾಷೆಯದೆಂದು ನಿರ್ಣಯಿಸುವುದು ಯಂತ್ರಕ್ಕೆ ಕಷ್ಟ. ಪ್ರತಿಯೊಂದು ಭಾಷೆಗೂ ಪ್ರತ್ಯೇಕ ಪುಟ, ಪ್ರತ್ಯೇಕ ವಿಳಾಸವಿರಬೇಕು. ಕನ್ನಡ ಪುಟದ ಶೀರ್ಷಿಕೆಯೂ ಸಾರಾಂಶವೂ ಕನ್ನಡದಲ್ಲಿಯೇ ಇರಬೇಕು. ಮೈ ಕನ್ನಡವಾಗಿ ತಲೆ ಇಂಗ್ಲಿಷಾಗಿ ಉಳಿಯುವುದು ಹಲವೆಡೆ ಕಾಣುವ ದೋಷ. ಓದುಗನಿರುವ ದೇಶವನ್ನು ಊಹಿಸಿ ಅವನನ್ನು ತಾನಾಗಿಯೇ ಬೇರೊಂದು ಭಾಷೆಯ ಪುಟಕ್ಕೆ ಕಳುಹಿಸುವುದೂ ಸಲ್ಲದು. ಗೂಗಲ್ಲಿನ ಸಂಗ್ರಾಹಕಯಂತ್ರ ಬಹುಮಟ್ಟಿಗೆ ಅಮೆರಿಕದ ವಿಳಾಸಗಳಿಂದ ಬರುವುದರಿಂದ, ಅದು ಇಂಗ್ಲಿಷ್ ಪುಟವನ್ನಷ್ಟೇ ಕಂಡು ಹಿಂದಿರುಗೀತು.

ಹೀಗೆ ಬೇರ್ಪಡಿಸಿದ ಪುಟಗಳ ನಂಟನ್ನು ತಿಳಿಸಲು 2011ರಲ್ಲಿ ಗೂಗಲ್ ‘ಹೆಚ್‌ರೆಫ್‌ಲ್ಯಾಂಗ್’ ಎಂಬ ಗುರುತನ್ನು ಬಳಕೆಗೆ ತಂದಿತು. ಕನ್ನಡ ಪುಟವು ಇಂಗ್ಲಿಷ್ ಪುಟವನ್ನೂ, ಇಂಗ್ಲಿಷ್ ಪುಟವು ಕನ್ನಡ ಪುಟವನ್ನೂ ಹೆಸರಿಸಬೇಕು. ತನ್ನನ್ನು ತಾನೂ ಹೆಸರಿಸಿಕೊಳ್ಳಬೇಕು. ಒಂದು ಹೆಸರಿಸಿ ಮತ್ತೊಂದು ಸುಮ್ಮನಿದ್ದರೆ ಆ ಗುರುತು ಪರಿಗಣನೆಗೆ ಬಾರದೆ ಹೋಗಬಹುದು. ಕನ್ನಡ ಭಾಷೆಯ ಸಂಕೇತ ‘ಕೆಎನ್’. ಕರ್ನಾಟಕವನ್ನು ನೆನೆದು ‘ಕೆಎ’ ಎಂದು ಬರೆದವನು ತನ್ನ ಪುಟ ಜಾರ್ಜಿಯನ್ ಭಾಷೆಯದೆಂದು ಸಾರಿದಂತಾಯಿತು! ಈ ಗುರುತಿನಿಂದ ಪುಟದ ಸ್ಥಾನವೇನೂ ಮೇಲೇರುವುದಿಲ್ಲವೆಂಬುದನ್ನು ಗಮನಿಸಬೇಕು. ಓದುಗನ ಭಾಷೆಗೆ ತಕ್ಕ ಪುಟವನ್ನು ಆರಿಸಲು ಅದು ನೆರವಾಗುತ್ತದೆ, ಅಷ್ಟೆ.

ಇಂತಹ ಪರಸ್ಪರ ಸೂಚನೆಯ ಕಷ್ಟಸುಖಗಳಿಗೆ ವಿಕಿಪೀಡಿಯ ಒಳ್ಳೆಯ ನಿದರ್ಶನ. ಅಲ್ಲಿ ಪ್ರತಿ ಭಾಷೆಗೂ ಪ್ರತ್ಯೇಕ ವಿಳಾಸವಿದೆ. ಕನ್ನಡದ್ದು ಆರಂಭವಾದುದು 2003ರಲ್ಲಿ. ಒಂದೇ ವಿಷಯದ ಬೇರೆ ಬೇರೆ ಭಾಷೆಗಳ ಲೇಖನಗಳಿಗೆ ಕೊಂಡಿಗಳನ್ನು ಮೊದಲು ಪ್ರತಿಯೊಂದು ಲೇಖನದೊಳಗೂ ಬರೆಯಬೇಕಾಗಿತ್ತು. ಭಾಷೆಗಳು ಹೆಚ್ಚಿದಂತೆ ಈ ಕೆಲಸ ಭಾರವಾಗಿ, 2013ರಲ್ಲಿ ಆ ಕೊಂಡಿಗಳನ್ನು ವಿಕಿಡೇಟಾ ಎಂಬ ಒಂದೇ ಕೋಶಕ್ಕೆ ವರ್ಗಾಯಿಸಲಾಯಿತು. ಭಾಷೆಗಳು ಎರಡೇ ಇದ್ದಾಗ ಕೈಯಿಂದ ಸಾಗುವ ಕೆಲಸಕ್ಕೆ, ಭಾಷೆಗಳು ಹಲವಾದಾಗ ಒಂದು ಮೂಲಪಟ್ಟಿ ಅವಶ್ಯವೆಂಬುದು ಇದರಿಂದ ವಿದಿತವಾಗುತ್ತದೆ.

ಮೂರನೆಯದು ಹೆಸರುಗಳ ಪ್ರಶ್ನೆ. ಚರಿತ್ರೆಯ ಅಧ್ಯಾಪಕರಿಗೆ ನೇರವಾಗಿ ಸಂಬಂಧಿಸಿದ್ದು ಇದೇ. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಅಧಿಕೃತ ಹೆಸರುಗಳು ಬದಲಾದುವು. ಆದಿಲ್‌ಶಾಹಿಗಳನ್ನು ಓದುವ ವಿದ್ಯಾರ್ಥಿ ‘ಬಿಜಾಪುರ’ ಎಂದು ಹುಡುಕುತ್ತಾನೆ. ಇಂದಿನ ಪುಟದಲ್ಲಿರುವುದು ‘ವಿಜಯಪುರ’. ಗುಲ್ಬರ್ಗ, ಕಲಬುರಗಿಗಳ ಸ್ಥಿತಿಯೂ ಹೀಗೆಯೇ. ಹೊಯ್ಸಳರು ಶಾಸನಗಳಲ್ಲಿ ‘ಪೊಯ್ಸಳ’ರಾಗಿಯೂ ಕಾಣಿಸಿಕೊಳ್ಳುತ್ತಾರೆ. ಅಲ್ಲದೆ ಕನ್ನಡದ ನಾಮಪದ ವಿಭಕ್ತಿಗಳನ್ನು ಹೊತ್ತು ‘ಶಾಸನದ’, ‘ಶಾಸನಗಳಲ್ಲಿ’ ಎಂದು ರೂಪಾಂತರ ಹೊಂದುವುದರಿಂದ, ಶೀರ್ಷಿಕೆಯಲ್ಲಾದರೂ ಮೂಲರೂಪವಿರುವುದು ಒಳ್ಳೆಯದು. ಪರ್ಯಾಯ ನಾಮಗಳನ್ನು ಲೇಖನದ ಮೊದಲ ವಾಕ್ಯಗಳಲ್ಲಿ ಸಹಜವಾಗಿ ಒಮ್ಮೆ ಹೇಳಿದರೆ ಸಾಕು. ಪದಗಳನ್ನು ರಾಶಿ ಹಾಕುವುದನ್ನೂ, ಕಾಣದಂತೆ ಅಡಗಿಸಿಡುವುದನ್ನೂ ಶೋಧಯಂತ್ರಗಳು ವಂಚನೆಯೆಂದೇ ಎಣಿಸುತ್ತವೆ.

ಸಾರಾಂಶವಿಷ್ಟು. ಸಂಕೇತಗಳನ್ನೂ ಕೊಂಡಿಗಳನ್ನೂ ಸರಿಪಡಿಸುವುದು ತಂತ್ರಜ್ಞರ ಕೆಲಸವಾದರೂ, ಒಂದು ಊರಿಗೆ, ಒಂದು ರಾಜವಂಶಕ್ಕೆ ಎಷ್ಟು ಹೆಸರುಗಳಿದ್ದುವು, ಅವುಗಳಲ್ಲಿ ಯಾವುದನ್ನು ಯಾರು ಹುಡುಕುವರು ಎಂಬುದನ್ನು ಅವರು ಬಲ್ಲವರಲ್ಲ. ಅದನ್ನು ತಿಳಿಸಬೇಕಾದವರು ವಿಷಯವನ್ನು ಬಲ್ಲ ನಾವೇ. ಕಾಲೇಜಿನ ಅಧ್ಯಾಪಕರು ತಮ್ಮ ಜಿಲ್ಲೆಯ ಸ್ಥಳನಾಮಗಳಿಗೆ ಇಂತಹ ಒಂದು ನಾಮಪಟ್ಟಿಯನ್ನು ವಿದ್ಯಾರ್ಥಿಗಳಿಂದ ಸಿದ್ಧಪಡಿಸಿಸಿದರೆ, ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದ ಉತ್ತರವೇ ದೊರೆಯುವಂತಾಗಲು ಅದು ಬಹಳ ಮಟ್ಟಿಗೆ ಸಹಾಯಕವಾದೀತು.